ಬಗ್ಗಿ ನೋಡದ ಬರಿಗಾಲು

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಮ್ಮ ಬೀದಿಯ ಕ್ಲಿನಿಕ್ಕಿನ ನರ್ಸ್ "ಸಾಕ್ಸ್ ಬಿಚ್ಚಿ" ಅಂದಾಗ ನನಗೆ ಸಂಕೋಚವಾಯಿತು. ನಾನು ಹೋಗಿದ್ದು ಶುಗರ್ ತೋರಿಸಲು. ಆಕೆ ಮಂಡಿಯೂರಿ ಕೂತು, ನನಗೆ ಕಣ್ಣು ಮುಚ್ಚಲು ಹೇಳಿ, ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ಹೆಬ್ಬೆರಳಿಗೆ, ಅಂಗಾಲಿಗೆ ಒತ್ತುತ್ತಾ ಹೋದಳು. ಎಳೆ ಬಾಗುವಷ್ಟೇ ಒತ್ತಡ, 10 ಗ್ರಾಂ. ತಗುಲಿದಾಗಲೆಲ್ಲ ನಾನು ಹೂಂ ಅನ್ನಬೇಕು. ಆಮೇಲೆ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದಳು, ಬೆರಳ ಸಂದಿಗಳನ್ನು ಬಿಡಿಸಿ ನೋಡಿದಳು. ಸಕ್ಕರೆ ಕಾಯಿಲೆಯವರಿಗೆ ಇಲ್ಲಿ ಇದು ವರ್ಷಕ್ಕೊಮ್ಮೆ ಆಗಲೇಬೇಕಾದ ತಪಾಸಣೆ.

ಹೂಂ ಅನ್ನುತ್ತಲೇ ನನಗೆ ಚಿಕ್ಕಪ್ಪ ನೆನಪಾದರು.

ಮುಳಬಾಗಿಲು ಕಡೆಯ ನಮ್ಮೂರಲ್ಲಿ ಅವರಿಗೆ 14 ವರ್ಷದಿಂದ ಶುಗರ್. ತಿಂಗಳಿಗೊಮ್ಮೆ ಪೇಟೆಯ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಚೀಟಿ ನೋಡಿ, "ಜಾಸ್ತಿ ಇದೆ, ಅನ್ನ ಬಿಡಿ, ಮುದ್ದೆ ತಿನ್ನಿ" ಅಂತ ಇನ್ನೊಂದು ಮಾತ್ರೆ ಸೇರಿಸಿದರೆ ಮುಗಿಯಿತು. ಎಷ್ಟು ಮುದ್ದೆ ಅಂತ ಕೇಳುವವರಿಲ್ಲ. ಎರಡೆರಡು ಮುದ್ದೆ ನುಂಗಿದರೆ ರಾಗಿಯೂ ಸಕ್ಕರೆ ಏರಿಸುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಒಮ್ಮೆಯೂ ಬರೆದುಕೊಟ್ಟಿರಲಿಲ್ಲ. ಚಪ್ಪಲಿ ಬಾಗಿಲಾಚೆ ಬಿಟ್ಟು ಚಿಕ್ಕಪ್ಪ ಬರಿಗಾಲಲ್ಲೇ ಒಳಗೆ ಹೋಗುತ್ತಿದ್ದರು. ಆ ಬರಿಗಾಲನ್ನು ಯಾರೂ ಬಗ್ಗಿ ನೋಡಲಿಲ್ಲ.

ಹೋದ ವರ್ಷ ಟೊಮೆಟೊ ತೋಟದಲ್ಲಿ ಜಾಲಿಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ವರ್ಷಗಟ್ಟಲೆ ಶುಗರ್ ಏರಿದ್ದರೆ ಪಾದದ ನರಗಳು ಮಂಕಾಗುತ್ತವೆ, ರಕ್ತದ ಓಡಾಟವೂ ಕಮ್ಮಿಯಾಗುತ್ತದೆ. ಚಾಪೆಯ ಮೇಲಿನ ಕಲೆ ನೋಡಿದ್ದು ಚಿಕ್ಕಮ್ಮ. ಅಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಯುಗಾದಿಗೆ ನಾನು ಹೋದಾಗ ಎಡಗಾಲಲ್ಲಿ ನಾಲ್ಕೇ ಬೆರಳು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ನೈಲಾನ್ ಎಳೆ ದುಬಾರಿ ಯಂತ್ರವಲ್ಲ, ಎರಡು ನಿಮಿಷದ ಕೆಲಸ. ನಮ್ಮಲ್ಲಿ ಶುಗರ್ ಅಂದರೆ ಒಂದು ಅಂಕಿ, ಒಂದು ಮಾತ್ರೆ. ಅದು ಸಾಲದು ಅಂತ ಪಕ್ಕದ ಮನೆಯವರ ಹಾಗಲಕಾಯಿ ರಸ. ಇನ್ಸುಲಿನ್ ಅಂದರೆ, "ಅದು ಶುರುವಾದ್ರೆ ಆಯ್ತು ಕಣಪ್ಪ" ಎಂದು ಚಿಕ್ಕಪ್ಪ ಎರಡು ವರ್ಷ ತಳ್ಳಿದರು. ಬೇಕಾದ ಹೊತ್ತಿಗೆ ಹಾಕಿಕೊಂಡಿದ್ದರೆ ಆ ಗಾಯ ಅಷ್ಟು ಕೆಡುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಒಂದು ಮಾತು ಒಪ್ಪಲೇಬೇಕು. ಲೆಸ್ಟರ್‌ನಲ್ಲಿ ಡಾಕ್ಟರ ಮುಖ ನೋಡಲು ನಾನು ಮೂರು ವಾರ ಕಾದಿದ್ದೇನೆ. ಕೋಲಾರದಲ್ಲಿ ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಗೆ ರಿಪೋರ್ಟ್ ಕೈಯಲ್ಲಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್ ಮಾತ್ರೆ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಅಗ್ಗವಾಗಿದೆ. ಶುಗರ್, ಬಿಪಿ ಇರುವವರ ಮನೆಬಾಗಿಲಿಗೆ ಬರುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದೂ ನಮ್ಮ ಜಿಲ್ಲೆಯಲ್ಲೇ.

ಮೊನ್ನೆ ಚಿಕ್ಕಮ್ಮ ಫೋನಿನಲ್ಲಿ, "ಆಶಾ ಬಂದಿದ್ಲು, ಬಿಪಿ ನೋಡಿದ್ಲು" ಅಂದರು.

"ಕಾಲು ನೋಡಿದರಾ?"

ಒಂದು ಗಳಿಗೆ ಸುಮ್ಮನಿದ್ದರು. "ರಾತ್ರಿ ಮಲಗೋ ಮುಂಚೆ ನಾನೇ ಟಾರ್ಚ್ ಹಾಕಿ ನೋಡ್ತೀನಿ, ಸಂದಿ ಸಂದಿ ಬಿಡ್ಸಿ."