ಯಾವಾಗ ಬೇಕಾದರೂ ಅಂದರೆ ಯಾವಾಗ?

ನಿನ್ನೆ ರಾತ್ರಿ 11:56ಕ್ಕೆ ಅಕ್ಕನ ಮಗ ನನ್ನ ಕೋಣೆ ಬಾಗಿಲು ಬಡಿದ. "ಚಿಕ್ಕಮ್ಮ, ಎಚ್ಚರ ಇದ್ದೀಯಾ? ಇದು ಹೋಗಿದೆಯೋ ಇಲ್ವೋ ಒಂದ್ಸಲ ನೋಡು."

ಅವನ ಆನ್‌ಲೈನ್ ಕೋರ್ಸಿನ ಅಸೈನ್‌ಮೆಂಟಿನ ಗಡುವು 11:59. ಲ್ಯಾಪ್‌ಟಾಪಿನಲ್ಲಿ ಚಾರ್ಜ್ 6 ಪರ್ಸೆಂಟ್. ಫೈಲಿನ ಹೆಸರು ‘ಫೈನಲ್ ಫೈನಲ್ 2’. ಫೈಲೇನೋ ಪುಟದಲ್ಲಿ ಬಂದು ಕೂತಿತ್ತು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಡ್ರಾಫ್ಟ್, ನಾಟ್ ಸಬ್ಮಿಟೆಡ್’ ಅಂತಿತ್ತು.

"ಇದನ್ನ ನೀನಿನ್ನೂ ಕೊಟ್ಟೇ ಇಲ್ಲ ಕಣೋ" ಅಂದೆ.

"ಅಪ್‌ಲೋಡ್ ಆಗಿದೆಯಲ್ಲ!"

ಪರೀಕ್ಷೆ ಬರೆದು ಉತ್ತರ ಪತ್ರಿಕೆಯನ್ನು ಮಡಿಚಿ ಜೇಬಲ್ಲಿ ಇಟ್ಟುಕೊಂಡು ಬಂದ ಹಾಗಾಯ್ತು. ಪುಟವನ್ನು ಕೆಳಗೆ ಸರಿಸಿದರೆ ಸಬ್ಮಿಟ್ ಬಟನ್ ಇತ್ತು. ಒತ್ತಿದ. ‘ಇದು ನನ್ನದೇ ಕೆಲಸ’ ಅಂತ ಒಪ್ಪಿಕೊಳ್ಳುವ ಇನ್ನೊಂದು ಪುಟ ಬಂತು. ಇಂಥದ್ದೊಂದು ಪುಟ ಇದೆ ಅನ್ನೋದೇ ಹುಡುಗನಿಗೆ ಗೊತ್ತಿರಲಿಲ್ಲ. ಟಿಕ್ ಹಾಕಿದ, ಮತ್ತೆ ಒತ್ತಿದ. ಆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ ಸಲ್ಲಿಕೆ ಆಯಿತು, ಆದರೆ ‘ತಡವಾಗಿದೆ’ ಅಂತ ಕೆಂಪು ಅಕ್ಷರ ಹೊತ್ತುಕೊಂಡು.

ಆ ಅಸೈನ್‌ಮೆಂಟ್ ಕೊಟ್ಟು 13 ದಿನ ಆಗಿತ್ತು. ಇಷ್ಟು ದಿನ ಏನು ಮಾಡ್ತಿದ್ದೆ ಅಂತ ಕೇಳಿದರೆ ಅವನು ಹೇಳಿದ್ದು ಇದು: "ಆನ್‌ಲೈನ್ ಅಲ್ವಾ ಚಿಕ್ಕಮ್ಮ, ಯಾವಾಗ ಬೇಕಾದ್ರೂ ಮಾಡಬಹುದು ಅಂದ್ಕೊಂಡೆ."

ಯಾವಾಗ ಬೇಕಾದ್ರೂ! ಈ ಎರಡು ಪದ ಕೇಳಿದರೆ ನನಗೆ ಮೈ ಉರಿಯುತ್ತದೆ.

ನನ್ನ ಕೆಲಸ ನಿಮಗೆಲ್ಲ ಗೊತ್ತಿರೋದೇ. ಒಂಬತ್ತು ವರ್ಷದಿಂದ ಆನ್‌ಲೈನ್ ಪದವಿ ಓದುವವರ ಉತ್ತರ ತಿದ್ದುತ್ತಾ ಕೂತಿದ್ದೇನೆ. ಪ್ರತಿ ಸೆಮಿಸ್ಟರಿನ ಮೊದಲ ವಾರ ಎಲ್ಲರೂ ಭಾರಿ ಹುರುಪಿನಲ್ಲಿ ಪರಿಚಯ ಬರೆಯುತ್ತಾರೆ. ನಾಲ್ಕನೇ ವಾರಕ್ಕೆ ಅರ್ಧ ಜನ ಮಾಯ. ಏಳನೇ ವಾರಕ್ಕೆ ಶುರು, ರಾತ್ರಿ ಎರಡು ಗಂಟೆಯ ಮೇಲ್‌ಗಳು. ದಡ್ಡರು ಅಂತ ನಾನು ಖಂಡಿತ ಹೇಳೋದಿಲ್ಲ. ಕೆಲವರ ಮೊದಲ ಉತ್ತರ ಓದಿದರೆ ಖುಷಿಯಾಗುತ್ತದೆ, ಎಷ್ಟು ಚೆನ್ನಾಗಿ ಯೋಚನೆ ಮಾಡ್ತಾರಪ್ಪ ಅನ್ನಿಸುತ್ತದೆ. ಅವರನ್ನು ಮುಳುಗಿಸಿದ್ದು ಕೋರ್ಸಿನ ಜಾಹೀರಾತಿನಲ್ಲಿ ನಗ್ತಾ ಲ್ಯಾಪ್‌ಟಾಪ್ ಹಿಡಿದುಕೊಂಡ ಹುಡುಗಿಯ ಕೆಳಗೆ ಬರೆದಿರುವ ಆ ಒಂದು ಸಾಲು. ನಿಮ್ಮ ಸಮಯ, ನಿಮ್ಮ ವೇಗ. ಆ ಹುಡುಗಿಗೆ ಯಾವತ್ತೂ ಗಡುವೇ ಇರಲ್ಲ ನೋಡಿ.

ಸರಿ, ಯಾವಾಗ ಬೇಕಾದರೂ ಮಾಡಬಹುದಾದ್ದು ಏನು? ರೆಕಾರ್ಡ್ ಆದ ವಿಡಿಯೋ ನೋಡೋದು. ಅಷ್ಟೇ. ಕ್ವಿಜ್‌ಗೆ ದಿನ ಇದೆ, ಚರ್ಚೆಯಲ್ಲಿ ಬರೆಯೋದಕ್ಕೆ ದಿನ ಇದೆ, ಗುಂಪಿನ ಪ್ರಾಜೆಕ್ಟಿಗೆ ಉಳಿದ ಮೂವರ ಸಮಯ ಇದೆ, ಪರೀಕ್ಷೆಗೆ ಗಂಟೆ ನಿಮಿಷ ಸಮೇತ ಸ್ಲಾಟ್ ಇದೆ. ಕ್ಲಾಸ್‌ರೂಮಿನಲ್ಲಿ ಗಂಟೆ ಬಾರಿಸುತ್ತಿತ್ತು. ಇಲ್ಲಿ ಯಾರೂ ಬಾರಿಸಲ್ಲ. ನೀವೇ ಬಾರಿಸಿಕೊಳ್ಳಬೇಕು.

ಲೆಕ್ಕ ಹಾಕಿ. ಅಮೆರಿಕದ ಕಾಲೇಜುಗಳಲ್ಲಿ ಒಂದು ಹಳೇ ಲೆಕ್ಕ ಇದೆ. ಪದವಿಗೆ ಬೇಕಾದ ಓದನ್ನು ಅಳೆಯೋದು ಕ್ರೆಡಿಟ್‌ನಲ್ಲಿ. ಒಂದು ಕ್ರೆಡಿಟ್ ಅಂದರೆ ಸುಮಾರು 15 ವಾರ, ವಾರಕ್ಕೆ ಒಂದು ಗಂಟೆ ಪಾಠ, ಅದರ ಮೇಲೆ ಎರಡು ಗಂಟೆ ಸ್ವಂತ ಓದು. ಮೂರು ಕ್ರೆಡಿಟ್ಟಿನ ಒಂದು ಕೋರ್ಸಿಗೆ ವಾರಕ್ಕೆ 9 ಗಂಟೆ. ಅದೇ ಕೋರ್ಸನ್ನು ಎಂಟು ವಾರಕ್ಕೆ ಹಿಂಡಿ ಕೊಡೋರೂ ಇದ್ದಾರೆ, ಆಗ ವಾರಕ್ಕೆ ಹತ್ತಿರ ಹತ್ತಿರ 17 ಗಂಟೆ. ಅಂಥದ್ದು ಎರಡು ತಗೊಂಡರೆ 34. ಕೆಲಸದ ಜೊತೆ ‘ಆರಾಮಾಗಿ’ ಎರಡು ಕೋರ್ಸ್ ಮಾಡ್ತೀನಿ ಅನ್ನುವವರು ಈ 34 ಗಂಟೆಯನ್ನು ಯಾವ ಗೂಡಿನಿಂದ ತೆಗೀತಾರೆ? ದೇಶ ಬೇರೆ ಆದರೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು. ದಿನಕ್ಕೆ 24 ಗಂಟೆ ಅನ್ನೋದು ಮಾತ್ರ ಎಲ್ಲಾ ಕಡೆ ಒಂದೇ.

ಅಕ್ಕನ ಮಗನ ಲೆಕ್ಕ ಬೇರೆ. ವಿಡಿಯೋ ಎರಡು ಗಂಟೆ, ಎರಡರಷ್ಟು ವೇಗದಲ್ಲಿ ಓಡಿಸಿದರೆ ಒಂದು ಗಂಟೆ, ಅಲ್ಲಿಗೆ ಆ ವಾರದ ಓದು ಮುಗೀತು. ಮೊನ್ನೆ ಹಾಗೆ ಓಡಿಸುತ್ತಾ ಇನ್ನೊಂದು ಕೈಲಿ ಫೋನ್ ನೋಡ್ತಿದ್ದ. ಸ್ಕ್ರೀನಿನಲ್ಲಿ ಆ ಪ್ರೊಫೆಸರ್ ಪಾಪ, ರೈಲು ತಪ್ಪಿಹೋಗುತ್ತೆ ಅನ್ನುವವರ ಹಾಗೆ ಗಡಬಡಿಸಿ ಮಾತಾಡ್ತಿದ್ದರು. "ಏನು ಹೇಳಿದರು ಹೇಳು" ಅಂದೆ. "ಎಲ್ಲಾ ಅರ್ಥ ಆಗ್ತಿದೆ" ಅಂದ. ನಾನು ಕೇಳಿದ್ದು ಅದಲ್ಲ.

ಅರ್ಥ ಆಗ್ತಿದೆ ಅನ್ನಿಸೋದೇ ದೊಡ್ಡ ಮೋಸ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಸಣ್ಣ ಪಾಠ ಕೊಟ್ಟು, ಕೆಲವರಿಗೆ ಮತ್ತೆ ಓದಿ ಅಂದರು, ಕೆಲವರಿಗೆ ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೀರಿ ಅಂದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದಾಗ ಉಲ್ಟಾ, ನೆನಪು ಮಾಡಿಕೊಂಡು ಬರೆದವರು ಮುಂದೆ. ಪರೀಕ್ಷೆ ಯಾವತ್ತೂ ವಿಡಿಯೋ ಮುಗಿದ ಐದು ನಿಮಿಷಕ್ಕೆ ಬರೋದಿಲ್ಲವಲ್ಲ. ವಿಡಿಯೋ ನಿಲ್ಲಿಸಿ, ಒಂದು ಹಾಳೆ ತಗೊಂಡು, ಏನು ಕೇಳಿದೆ ಅಂತ ನಾಲ್ಕು ಸಾಲು ಬರೆಯೋಕೆ ಕೂರಿ. ಎರಡನೇ ಸಾಲಿಗೇ ಬಣ್ಣ ಬಯಲಾಗುತ್ತದೆ. ನನ್ನದೂ ಆಗಿದೆ, ಅದಕ್ಕೇ ಹೇಳ್ತಿದ್ದೇನೆ.

ಹೂಂ, ನನ್ನದೂ. ಇದನ್ನು ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ, ಇಲ್ಲೇ ಬರೆದುಬಿಡ್ತೀನಿ. ನಾಲ್ಕು ವರ್ಷದ ಹಿಂದೆ ದುಡ್ಡು ಕಟ್ಟಿ ಒಂದು ಸ್ಟಾಟಿಸ್ಟಿಕ್ಸ್ ಕೋರ್ಸಿಗೆ ಸೇರಿದ್ದೆ. ಬೇರೆಯವರ ಉತ್ತರ ತಿದ್ದುವವಳು, ನನಗೇನು ಕಷ್ಟ ಅನ್ನೋ ಜಂಬ. ಯಾವಾಗ ಓದುತ್ತೀಯ ಅಂತ ಅಕ್ಕ ಕೇಳಿದ್ದಕ್ಕೆ ಏನು ಹೇಳಿದ್ದೆ ಗೊತ್ತಾ? "ಟೈಮ್ ಸಿಕ್ಕಾಗ." ಸ್ಟ್ಯಾಂಡರ್ಡ್ ಡೀವಿಯೇಷನ್ ವಿಡಿಯೋವನ್ನು ಮೂರು ಸಲ ನೋಡಿದೆ. ಮೂರು ಸಲವೂ ತಲೆಯಾಡಿಸಿದೆ. ಆಮೇಲೆ ಐದು ಪ್ರಶ್ನೆಯ ಕ್ವಿಜ್. ಒಂದು ಸರಿ ಬಂತು, ಅದೂ ಅಂದಾಜಿಗೆ ಒತ್ತಿದ್ದು. ಲ್ಯಾಪ್‌ಟಾಪ್ ಮುಚ್ಚಿದೆ. ನಾಳೆ ನೋಡೋಣ ಅಂದುಕೊಂಡೆ. ಆ ನಾಳೆ ಇನ್ನೂ ಬಂದಿಲ್ಲ. ಕೋರ್ಸ್ ಹೇಗೆ ನಡೀತಿದೆ ಅಂತ ಯಾರಾದರೂ ಕೇಳಿದರೆ ಆರು ತಿಂಗಳು "ನಡೀತಾ ಇದೆ" ಅಂತ ಹೇಳಿಕೊಂಡು ಓಡಾಡಿದೆ.

ಇದಾದ ಮೇಲೆ ಒಂದು ಕೋರ್ಸನ್ನು ಪೂರ್ತಿ ಮುಗಿಸಿದ್ದೂ ಉಂಟು. ನನಗೇನೋ ಶಿಸ್ತು ಬಂತು ಅಂದುಕೊಳ್ಳಬೇಡಿ. ಅದರಲ್ಲಿ ವಾರಕ್ಕೊಂದು ಲೈವ್ ಕ್ಲಾಸ್ ಇತ್ತು, ಆ ಮೇಡಂ ಹೆಸರು ಹಿಡಿದು ಕರೆದು ಪ್ರಶ್ನೆ ಕೇಳೋರು. ಮಾನ ಉಳಿಸಿಕೊಳ್ಳೋಕೆ ಓದಿದೆ.

ನಮ್ಮ ಕಥೆ ಹಾಗಿರಲಿ, ದೊಡ್ಡ ಲೆಕ್ಕವೂ ಇದನ್ನೇ ಹೇಳುತ್ತದೆ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಉಚಿತ ಆನ್‌ಲೈನ್ ಕೋರ್ಸಿಗೆ ಸುಮಾರು 1,60,000 ಜನ ಹೆಸರು ಬರೆಸಿದ್ದರು. ಮುಂದಿನ ವರ್ಷವನ್ನಂತೂ ಪತ್ರಿಕೆಗಳು ಇಂಥ ಕೋರ್ಸುಗಳ ವರ್ಷ ಅಂತಲೇ ಕರೆದವು, ಕಾಲೇಜು ಕಟ್ಟಡಗಳೇ ಬೇಡವಾಗುತ್ತವೆ ಅನ್ನುವ ಮಾತೂ ಬಂತು. ಆಮೇಲೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ಅನ್ನುವ ಆನ್‌ಲೈನ್ ತಾಣದಲ್ಲಿ ನಡೆಸಿದ ಕೋರ್ಸುಗಳ ಲೆಕ್ಕ ಬಂತು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದ್ದು ಸುಮಾರು 3 ಪರ್ಸೆಂಟ್. ದುಡ್ಡು ಕಟ್ಟಿ, ಗುರುತು ದೃಢಪಡಿಸಿಕೊಂಡವರಲ್ಲಿ ಸುಮಾರು 46 ಪರ್ಸೆಂಟ್. ದುಡ್ಡು ಕಟ್ಟಿದ ಮೇಲೂ ಅರ್ಧಕ್ಕಿಂತ ಜಾಸ್ತಿ ಜನ ನನ್ನ ಹಾಗೆ "ನಡೀತಾ ಇದೆ" ಅನ್ನುತ್ತಿದ್ದಾರೆ.

ಪದವಿ ಕೋರ್ಸೇ ಬೇರೆ, ಇಂಥ ಉಚಿತ ಕೋರ್ಸೇ ಬೇರೆ, ಒಪ್ಪುತ್ತೇನೆ. ಚಟ ಮಾತ್ರ ಒಂದೇ.

ಈಗ ಯಾರೋ ಕಾಮೆಂಟಿನಲ್ಲಿ ಬಂದು ಹೇಳ್ತೀರಿ, ನನಗೆ ಗೊತ್ತು: ಕೆಲಸಕ್ಕೆ ಹೋಗುವವರಿಗೆ, ಮಗು ಇರುವವರಿಗೆ, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರಿಗೆ ಇದು ವರ ಅಲ್ವಾ ಅಂತ. ಹೌದು, ವರವೇ. ಇಲ್ಲ ಅಂದವರು ಯಾರು? ಆದರೆ ಒಂಬತ್ತು ವರ್ಷದಲ್ಲಿ ನಾನು ನೋಡಿದ್ದನ್ನು ಹೇಳ್ತೀನಿ ಕೇಳಿ. ಎರಡು ಮಕ್ಕಳ ತಾಯಂದಿರು, ರಾತ್ರಿ ಪಾಳಿ ಮುಗಿಸಿ ಬರುವವರು ಎಷ್ಟೋ ಸಲ ಗಡುವಿಗೆ ಎರಡು ದಿನ ಮೊದಲೇ ಕಳಿಸುತ್ತಾರೆ. ಮಗು ಮಲಗಿದಾಗಲೇ ಓದಬೇಕು, ಬೇರೆ ಹೊತ್ತು ಸಿಗೋದಿಲ್ಲ ಅಂತ ಅವರಿಗೆ ಗೊತ್ತು. ಅವರ ಬಾಯಲ್ಲಿ ‘ಯಾವಾಗ ಬೇಕಾದ್ರೂ’ ಅನ್ನೋ ಮಾತೇ ಬರಲ್ಲ. ದಿನಪೂರ್ತಿ ಖಾಲಿ ಇರುವ ಹತ್ತೊಂಬತ್ತರ ಹುಡುಗರೇ ರಾತ್ರಿ 11:56ಕ್ಕೆ ಬಾಗಿಲು ಬಡಿಯೋದು. ಹಾಗಾಗಿ ಆ ತಾಯಂದಿರನ್ನು ಮುಂದಿಟ್ಟುಕೊಂಡು ನನ್ನ ಜೊತೆ ವಾದಕ್ಕೆ ಬರಬೇಡಿ. ಅವರು ನನ್ನ ಕಡೆ.

ಮನೆಯಲ್ಲೇ ಕೂತು ಪದವಿ ಓದೋದು ಇವತ್ತಿನ ವಿಷಯವೂ ಅಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಶುರುವಾಗಿದ್ದು 1969ರಲ್ಲಿ, ಮೊದಲ ವಿದ್ಯಾರ್ಥಿಗಳು ಓದೋಕೆ ಕೂತಿದ್ದು 1971ರಲ್ಲಿ. ಪಾಠ ಬಿಬಿಸಿಯ ಟಿವಿ, ರೇಡಿಯೋದಲ್ಲಿ ಬರುತ್ತಿತ್ತು. ಎಷ್ಟೋ ಸಲ ಬೆಳಗ್ಗೆ ಹಕ್ಕಿ ಏಳೋ ಹೊತ್ತಿಗೆ, ಇಲ್ಲಾ ಊರೆಲ್ಲ ಮಲಗಿದ ಮೇಲೆ. ಹೆಚ್ಚಿನವರ ಮನೆಯಲ್ಲಿ ಟಿವಿ ರೆಕಾರ್ಡ್ ಮಾಡಿಟ್ಟುಕೊಳ್ಳೋ ಯಂತ್ರ ಇರದ ಕಾಲ. ಆ ಹೊತ್ತಿಗೆ ಎದ್ದು ಟಿವಿ ಮುಂದೆ ಕೂತರೆ ಪಾಠ, ಇಲ್ಲದಿದ್ದರೆ ಹೋಯ್ತು. ಕಷ್ಟ ಅಂದರೆ ಕಷ್ಟವೇ. ಆದರೆ ಯಾವಾಗ ಕೂರಬೇಕು ಅನ್ನುವ ಪ್ರಶ್ನೆಯನ್ನು ಟಿವಿಯವರೇ ಬಗೆಹರಿಸಿಬಿಟ್ಟಿದ್ದರು. ಈಗ ಅದನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. ನಾವೋ, ಮಹಾ ಸೋಮಾರಿಗಳು.

ಸೇರೋಕೆ ಮೊದಲು ಏನು ನೋಡಬೇಕು ಅಂತ ಇನ್‌ಬಾಕ್ಸಿಗೆ ಬಂದು ಕೇಳುತ್ತಿರುತ್ತೀರಲ್ಲ, ಇಲ್ಲೇ ಹೇಳಿಬಿಡ್ತೀನಿ. ಸಿಲಬಸ್ ತರಿಸಿಕೊಂಡು ಗಡುವುಗಳನ್ನು ಮಾತ್ರ ಮೊದಲು ಓದಿ. ವಿಷಯ ಆಮೇಲೆ. ಎಷ್ಟೋ ಕಡೆ ಒಂದೇ ಅಸೈನ್‌ಮೆಂಟಿಗೆ ಎರಡು ದಿನಾಂಕ ಇರುತ್ತವೆ. ಒಂದು ಗಡುವು, ಅದರ ಮೇಲೆ ತಡ ಅಂತ ಲೆಕ್ಕ. ಇನ್ನೊಂದು ಕಟ್‌ಆಫ್, ಅದು ದಾಟಿದರೆ ಬಾಗಿಲೇ ಮುಚ್ಚುತ್ತದೆ. ನಿಮ್ಮ ಪ್ರೊಫೈಲಿನಲ್ಲಿ ಟೈಮ್ ಜೋನ್ ಯಾವುದಿದೆ ನೋಡಿಕೊಳ್ಳಿ. ಬೇರೆ ದೇಶದ ಕಾಲೇಜಾದರೆ ಅವರ 11:59 ನಿಮ್ಮ ಮಟಮಟ ಮಧ್ಯಾಹ್ನ ಇರಬಹುದು. ಫೀಸ್ ವಾಪಸ್ ಸಿಗುವ ಹಾಗೆ ಕೋರ್ಸ್ ಬಿಡೋಕೆ ಕೊನೆ ದಿನ ಯಾವುದು ಅಂತ ಬರೆದಿಟ್ಟುಕೊಳ್ಳಿ, ಅದು ನೀವು ಅಂದುಕೊಂಡಿದ್ದಕ್ಕಿಂತ ಬೇಗ ಬರುತ್ತದೆ.

ಪರೀಕ್ಷೆ ಹೇಗೆ ಅಂತ ಕೇಳಿ. ಕ್ಯಾಮೆರಾ ಹಾಕಿ ಕಾವಲು ಕಾಯುವ ಸಾಫ್ಟ್‌ವೇರ್ ಇದ್ದರೆ ಗುರುತಿನ ಚೀಟಿ ತೋರಿಸಬೇಕು, ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಬೇಕು, ಪಕ್ಕದಲ್ಲಿ ಯಾರೂ ಸುಳಿಯಬಾರದು. ಫೋನ್ ಒಂದೇ ಇಟ್ಟುಕೊಂಡು ಪದವಿ ಮಾಡ್ತೀನಿ ಅನ್ನುವವರಿಗೆ ಇಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಅಣಕು ಪರೀಕ್ಷೆ ಕೊಟ್ಟಿದ್ದರೆ ಅದೇ ಯಂತ್ರದಲ್ಲಿ, ಅದೇ ಕೋಣೆಯಲ್ಲಿ ಒಂದು ಸಲ ಮಾಡಿ ನೋಡಿ.

ಮತ್ತೆ ಎಲ್ಲಕ್ಕಿಂತ ದುಬಾರಿ ತಪ್ಪು. ಸರ್ಟಿಫಿಕೇಟ್ ಬೇರೆ, ಕ್ರೆಡಿಟ್ ಬೇರೆ, ಪದವಿ ಬೇರೆ. ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಆ ಕಾಲೇಜಿನ ಜಾಹೀರಾತಿನಲ್ಲಿ ಹುಡುಕಬೇಡಿ, ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ನೋಡಿ. ಈ ಕ್ರೆಡಿಟನ್ನು ಮುಂದೆ ಇನ್ನೊಂದು ಕಾಲೇಜಿಗೆ ಒಯ್ಯಬೇಕು ಅಂತಿದ್ದರೆ, ಆ ಇನ್ನೊಂದು ಕಾಲೇಜನ್ನು ಕೇಳಿ, ಅದೂ ಬರವಣಿಗೆಯಲ್ಲಿ. ಫೋನಿನಲ್ಲಿ "ಆಗುತ್ತೆ ಆಗುತ್ತೆ" ಅಂದವರು ಆಮೇಲೆ ಸಿಗಲ್ಲ.

ಚರ್ಚೆಯ ಪುಟದಲ್ಲಿ ‘ಚೆನ್ನಾಗಿ ಹೇಳಿದಿರಿ, ನಾನೂ ಒಪ್ಪುತ್ತೇನೆ’ ಅಂತ ಬರೆದು ಅಂಕ ಕೇಳಬೇಡಿ. ಇದು ನನ್ನ ಸ್ವಂತ ವಿನಂತಿ. ದಿನಕ್ಕೆ ಮೂವತ್ತು ಸಲ ಓದುತ್ತೇನೆ.

ಇಷ್ಟೆಲ್ಲ ಬೆಳಗ್ಗೆ ಅಕ್ಕನ ಮಗನಿಗೂ ಹೇಳಿದೆ. ವಾರದಲ್ಲಿ ಯಾವ ಮೂರು ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು ಅಂದೆ. ತಲೆಯಾಡಿಸಿದ. ನಾನು ಸ್ಟ್ಯಾಂಡರ್ಡ್ ಡೀವಿಯೇಷನ್ ವಿಡಿಯೋ ನೋಡುವಾಗ ಆಡಿಸಿದ್ದೆನಲ್ಲ, ಥೇಟ್ ಹಾಗೆ.

ಮಧ್ಯಾಹ್ನ ಅವನ ಪ್ರೊಫೆಸರ್ ಉತ್ತರ ಬಂತು. ತಡವಾಗಿದ್ದಕ್ಕೆ ಹತ್ತು ಪರ್ಸೆಂಟ್ ಅಂಕ ಕಡಿತ, ಉಳಿದಂತೆ ಸ್ವೀಕರಿಸಿದ್ದೇನೆ ಅಂತ. ಹುಡುಗ ಗೆದ್ದವನ ಹಾಗೆ ಫೋನ್ ಹಿಡಿದುಕೊಂಡು ಬಂದ. "ನೋಡು ಚಿಕ್ಕಮ್ಮ, ಹತ್ತೇ ಪರ್ಸೆಂಟ್. ನೀನು ಸುಮ್ನೆ ಹೆದರಿಸ್ತೀಯ."

ಮುಂದಿನ ಅಸೈನ್‌ಮೆಂಟ್ ಯಾವಾಗ ಅಂತ ಕೇಳಿದೆ.

"ಇನ್ನೂ ಟೈಮ್ ಇದೆ."