ಕೋಲಾರದ ಕೆರೆಗೆ ಬರುವುದು ಹಸಿ ಕೊಳಚೆಯಾ?

‘ಬೆಂಗಳೂರಿನ ಚರಂಡಿ ನೀರನ್ನು ಹಾಗೇ ಕೋಲಾರದ ಕೆರೆಗಳಿಗೆ ಬಿಡುತ್ತಾರೆ, ಅದರಲ್ಲೇ ಟೊಮೆಟೊ ಬೆಳೆಯುತ್ತಾರೆ’ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದು ನಿಜವಲ್ಲ.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಕಳಿಸುವುದೇ ಕೆಸಿ ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆ. ಅದರ ನೀರು ಮೊದಲು ಎರಡು ಹಂತದಲ್ಲಿ ಶುದ್ಧವಾಗುತ್ತದೆ. ಆಮೇಲೆ ಪೈಪಿನಲ್ಲಿ ಕೋಲಾರಕ್ಕೆ ಹೋಗುತ್ತದೆ. 2018ರ ಜೂನ್‌ನಲ್ಲಿ ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆಗೆ. ಉದ್ದೇಶ ಕೆರೆಯಿಂದ ನೇರವಾಗಿ ಹೊಲಕ್ಕೆ ಹಾಯಿಸುವುದಲ್ಲ. ನೀರು ನೆಲಕ್ಕೆ ಇಂಗಬೇಕು, ಬತ್ತಿದ ಬೋರ್‌ವೆಲ್‌ಗಳಿಗೆ ಮತ್ತೆ ಜೀವ ಬರಬೇಕು. ಸಾವಿರ ಅಡಿ ಕೊರೆಸಿಯೂ ನೀರು ಸಿಗದ ರೈತನಿಗೆ ಅದು ಎಷ್ಟು ದೊಡ್ಡದು, ಅಲ್ವಾ?

ಹಾಗಂತ ರೈತರ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಅದೇ ವರ್ಷ ನೀರಿನಲ್ಲಿ ನೊರೆ ಕಂಡಿತ್ತು, ವಿಷಯ ಹೈಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ರೈತರು ಕೇಳುತ್ತಿದ್ದಾರೆ. ನನ್ನ ಪ್ರಕಾರ ಅದು ನ್ಯಾಯವಾದ ಬೇಡಿಕೆ.