ತೋಳದ ಕಥೆ ಸಾಕು, ಆ ಮಕ್ಕಳ ಕಥೆ ಕೇಳಿ

ತೋಳ ಸಾಕಿದ ಮಕ್ಕಳು ಅಂದ ತಕ್ಷಣ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಮಿಡ್ನಾಪುರದ ಅಮಲಾ, ಕಮಲಾ. 1920ರಲ್ಲಿ ತೋಳದ ಗವಿಯಲ್ಲಿ ಸಿಕ್ಕರಂತೆ. ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಸಿಂಗ್ ಹೇಳಿದ್ದು ಬಿಟ್ಟರೆ ಅದಕ್ಕೆ ಗಟ್ಟಿ ಸಾಕ್ಷಿಯೇ ಇಲ್ಲ. ಆದರೂ ಅದನ್ನೇ ಹೇಳುತ್ತೇವೆ. ಮನೆಯೊಳಗೆ, ಮನುಷ್ಯರ ಕೈಯಲ್ಲೇ ನಲುಗಿದ ಮಕ್ಕಳ ಬಗ್ಗೆ ಮಾತಾಡುವುದು ಕಡಿಮೆ.

ಜೀನಿಯನ್ನೇ ನೋಡಿ. ಅದು ಅವಳ ಗುರುತು ಮುಚ್ಚಲು ಇಟ್ಟ ಹೆಸರು. 1970ರಲ್ಲಿ ಲಾಸ್ ಏಂಜಲೀಸ್ ಹತ್ತಿರ ಪತ್ತೆಯಾದಾಗ ಅವಳಿಗೆ 13 ವರ್ಷ. ಹಗಲೆಲ್ಲ ಅಪ್ಪ ಅವಳನ್ನು ಚಿಕ್ಕ ಮಕ್ಕಳ ಕಕ್ಕಸು ಕುರ್ಚಿಗೆ ಕಟ್ಟಿಹಾಕುತ್ತಿದ್ದ. ಸದ್ದು ಮಾಡಿದರೆ ಹೊಡೆತ. ಅವಳ ಜೊತೆ ಮಾತಾಡುತ್ತಿರಲಿಲ್ಲ, ನಾಯಿಯ ಹಾಗೆ ಬೊಗಳುತ್ತಿದ್ದ.

ಹೊರಗೆ ಬಂದ ಮೇಲೆ ಜೀನಿ ಪದಗಳನ್ನು ಬೇಗ ಕಲಿತಳು. ಅವನ್ನು ಜೋಡಿಸಿ ಸರಿಯಾದ ವಾಕ್ಯ ಮಾಡಲು ಮಾತ್ರ ಕೊನೆಗೂ ಆಗಲಿಲ್ಲ. ಎಲ್ಲರೂ ಬರೆಯುವುದು ಇದನ್ನೇ. ನನಗೆ ಹೊಟ್ಟೆ ಉರಿಯುವುದು ಆಮೇಲೆ ನಡೆದದ್ದಕ್ಕೆ. ಅವಳ ಮೇಲೆ ನಡೆಯುತ್ತಿದ್ದ ಸಂಶೋಧನೆಯ ಹಣ ನಿಂತಿತು. 1975ರಲ್ಲಿ ಅವಳಿದ್ದ ವಿಜ್ಞಾನಿಯ ಮನೆ ಬಿಟ್ಟು ಅಮ್ಮನ ಹತ್ತಿರ, ಅಲ್ಲಿಂದ ಒಂದಾದ ಮೇಲೊಂದು ಸಾಕುಮನೆ. ಒಂದು ಕಡೆ ವಾಂತಿ ಮಾಡಿದ್ದಕ್ಕೆ ಶಿಕ್ಷೆ ಕೊಟ್ಟರು. ಎಲ್ಲಿ ಮತ್ತೆ ವಾಂತಿಯಾಗುತ್ತದೋ ಅಂತ ಹೆದರಿ ಹುಡುಗಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಕಷ್ಟಪಟ್ಟು ಕಲಿತ ಮಾತೂ ಹೋಯಿತು. ಇದನ್ನೂ ಅಪ್ಪನ ಲೆಕ್ಕಕ್ಕೇ ಬರೆಯಬೇಕಾ?

ಫ್ರಾನ್ಸಿನಲ್ಲಿ 1800ರಲ್ಲಿ ಕಾಡಿನಿಂದ ಬಂದ ವಿಕ್ಟರ್ ಅನ್ನುವ ಹುಡುಗನಿಗೂ ಮಾತು ಬರಲಿಲ್ಲ. ಕಲಿಸುತ್ತಿದ್ದ ಡಾಕ್ಟರ್ ಇಟಾರ್ ಕೆಲವು ವರ್ಷಕ್ಕೆ ಕೈಬಿಟ್ಟ. ಆದರೆ ಮೇಡಂ ಗೆರಾನ್ ಅನ್ನುವ ಹೆಂಗಸು ಅವನನ್ನು ಬಿಡಲಿಲ್ಲ. 1828ರಲ್ಲಿ ಅವನು ಸಾಯುವ ತನಕ ನೋಡಿಕೊಂಡಳು. ಆಕೆಯ ಗಂಡ ತೀರಿಕೊಂಡಾಗಿನ ಒಂದು ವಿಷಯವನ್ನು ಇಟಾರನೇ ಬರೆದಿದ್ದಾನೆ. ವಿಕ್ಟರ್ ಎಂದಿನಂತೆ ಊಟದ ಮೇಜಿನ ಮೇಲೆ ಯಜಮಾನನ ತಟ್ಟೆಯನ್ನೂ ಇಟ್ಟ. ಅದನ್ನು ನೋಡಿ ಆಕೆ ಅತ್ತಳು. ಅವನು ತಟ್ಟೆ ಎತ್ತಿ ಬೀರುವಿನಲ್ಲಿಟ್ಟ, ಮತ್ತೆಂದೂ ಹೊರಗೆ ತೆಗೆಯಲಿಲ್ಲ. ಇಂಥವನನ್ನು ಮಾತು ಬರಲಿಲ್ಲ ಅಂತ ಸೋತವರ ಪಟ್ಟಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಮಗುವಿಗೆ ಕೈಬಿಡದ ಒಬ್ಬರು ಬೇಕು ಅನ್ನುವುದು ಸುಮ್ನೆ ಭಾವುಕತೆ ಅಲ್ಲ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟಿದ್ದರು. ಎರಡು ವರ್ಷ ತುಂಬುವ ಮುಂಚೆ ಮನೆ ಸಿಕ್ಕವರು ಎಷ್ಟೋ ವಾಸಿಯಾದರು. ಹೊಟ್ಟೆಗೆ ಅನಾಥಾಲಯದಲ್ಲೂ ಬೀಳುತ್ತಿತ್ತು. ಅಲ್ಲಿ ಇಲ್ಲದ್ದು ಅತ್ತಾಗ ಎತ್ತಿಕೊಳ್ಳುವ, ನಾಳೆಯೂ ಇರುವ ಒಬ್ಬ ಮನುಷ್ಯ. ಕೂಡಿಹಾಕಿದ್ದ ಮಗುವನ್ನು ಬಿಡಿಸಿದರು ಅಂತ ಸುದ್ದಿ ಬಂದಾಗ ಬಾಗಿಲು ಒಡೆದವರ ಫೋಟೋ ಹಾಕುತ್ತೇವೆ. ಆರು ತಿಂಗಳ ಮೇಲೆ ಆ ಮಗು ಯಾರ ಹತ್ತಿರ ಇದೆ ಅಂತಲೂ ಪತ್ರಿಕೆಯವರು ಹೋಗಿ ಕೇಳಬೇಕು, ಅಲ್ವಾ?